ಸೊಸೆಗೆಂದು ಇಟ್ಟ ನಂಬರು

ವೈಟ್ಟಿಲ, ಕೊಚ್ಚಿ
ಭಾನುವಾರ, ೩ ಆಗಸ್ಟ್ ೨೦೨೫

ಪ್ರೀತಿಯ ಪಾವನಾ,

ಹೇಗಿದ್ದೀಯಮ್ಮಾ? ಕುತ್ತಿಗೆ ನೋವು ಕಡಿಮೆಯಾಯಿತೇ? ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಬಗ್ಗಿ ಕೂರಬೇಡ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಈಗ ಹೇಳುವವರೂ ಇಲ್ಲ, ಇನ್ನಷ್ಟು ಬಗ್ಗಿಯೇ ಕೂರುತ್ತಿರುತ್ತೀಯ ಎಂದು ನನಗೆ ಗೊತ್ತು. ಮಹತಿ ಹೇಗಿದ್ದಾಳೆ? ಅವಳ ಮೇಲಿನ ಹಲ್ಲು ಅಲ್ಲಾಡುತ್ತಿತ್ತಲ್ಲ, ಬಿದ್ದಿರಬೇಕು. ಹೊಸ ಶಾಲೆಗೆ ಹೊಂದಿಕೊಂಡಳೇ? ತಲೆ ಬಾಚುವಾಗ ಈಗಲೂ ಅಳುತ್ತಾಳೆಯೇ? ಸಿಕ್ಕು ಬಿಡಿಸುವಾಗ ಕೂದಲಿನ ಬುಡ ಹಿಡಿದುಕೊಂಡು ಬಾಚು, ಆಗ ನೋವಾಗುವುದಿಲ್ಲ. ನಾನು ಕನ್ನಡದಲ್ಲಿ ಕಥೆ ಹೇಳಿದರೆ ಅವಳು ಮಲಯಾಳದಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಅಜ್ಜಿ ಅನ್ನು ಎಂದರೆ ಬೇಕೆಂದೇ ಅಚ್ಛಮ್ಮೇ ಎಂದು ಕೂಗಿ ಓಡುತ್ತಿದ್ದಳು. ಈಗ ಅದೇ ಅಚ್ಛಮ್ಮ ಎಂದು ಕರೆಸಿಕೊಳ್ಳಲು ನನ್ನ ಕಿವಿ ಹಾತೊರೆಯುತ್ತದೆ. ನನ್ನ ಆರೋಗ್ಯ ಇದ್ದ ಹಾಗೇ ಇದೆ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ, ಮಂಡಿ ತನ್ನ ಪಾಡಿಗೆ ತಾನು ನೋಯುತ್ತಿರುತ್ತದೆ, ಅದನ್ನೆಲ್ಲ ಬರೆದು ಕಾಗದ ತುಂಬಿಸುವುದಿಲ್ಲ.

ಫೋನ್ ಇರುವ ಕಾಲದಲ್ಲಿ ಅತ್ತೆ ಯಾಕೆ ಕಾಗದ ಬರೆದರು ಎಂದು ನಿನಗೆ ಆಶ್ಚರ್ಯವಾಗಬಹುದು. ಮುಚ್ಚಿಡುವಂಥದ್ದೇನಿಲ್ಲ, ಪ್ರಮೋದನೇ ಬರೆಯಲು ಹೇಳಿದ. ಅವನ ಫೋನನ್ನು ನೀನು ಎತ್ತುವುದಿಲ್ಲ. ನಾನು ಮಾಡಿದಾಗಲೂ ಅವನು ನಡುವೆ ಕೈಯಿಂದ ಫೋನ್ ತೆಗೆದುಕೊಂಡು ಮಾತಾಡಲು ಹೋದ, ಆಮೇಲೆ ನನ್ನ ಫೋನೂ ನಿನಗೆ ಬೇಡವಾಯಿತು. ನಿನ್ನನ್ನು ದೂರುತ್ತಿಲ್ಲ. ಅಮ್ಮ ಕಾಗದ ಬರೆದರೆ ಪಾವನಾ ತೆಗೆದುಹಾಕುವುದಿಲ್ಲ ಎಂದು ಅವನಿಗೆ ಹೊಳೆದಿದೆ. ಪೋಸ್ಟ್ ಆಫೀಸಿಗೆ ಹೋಗಿ ಕವರು ತಂದ, ಗೆರೆ ಹಾಕಿದ ಹಾಳೆ ತಂದ, ನಿನ್ನ ತಿರುವನಂತಪುರದ ಆಫೀಸಿನ ವಿಳಾಸವನ್ನು ಇಂಗ್ಲಿಷಿನಲ್ಲಿ ತಾನೇ ಬರೆದಿಟ್ಟ. ಒಳಗಿನದನ್ನು ಮಾತ್ರ ಅವನು ಬರೆಯಲಾರ, ಓದಲೂ ಆರ. ನಾವು ಅದೇ ತಿರುವನಂತಪುರದ ಉಳ್ಳೂರಿನ ಮನೆಯಲ್ಲಿದ್ದಾಗ ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಬೀದಿಯಲ್ಲಿ ಮಲಯಾಳ ಎಂದು ಬೆಳೆದ ಹುಡುಗ, ಕನ್ನಡ ಅವನಿಗೆ ಅಡುಗೆಮನೆಯ ಮಾತಾಗಿಯೇ ಉಳಿಯಿತು. ಈಗ ತಾನೇ ಬಂದು ಹಾಳೆಯ ಮೇಲೆ ಬಗ್ಗಿ ನೋಡಿ, ಬಾ ಅಂತ ಒಂದು ಮಾತು ಬರೆಯೋಕೆ ಇಷ್ಟೆಲ್ಲ ಬೇಕಾ ಎಂದು ಕೇಳಿ ನಕ್ಕು ಹೋದ. ಅವನು ನಕ್ಕದ್ದನ್ನು ನಾನು ಎಷ್ಟೋ ದಿನಗಳ ಮೇಲೆ ಕಂಡೆ.

ಆ ಒಂದು ಮಾತನ್ನು ಮೊದಲು ಬರೆದುಬಿಡುತ್ತೇನೆ. ಬರುವ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮಹತಿಯನ್ನು ಕರೆದುಕೊಂಡು ನೀನು ಮನೆಗೆ ಬರಬೇಕಂತೆ, ಬಂದ ಮೇಲೆ ಇಲ್ಲೇ ಉಳಿಯಬೇಕಂತೆ, ಹಳೆಯದನ್ನು ಯಾರೂ ಎತ್ತುವುದಿಲ್ಲವಂತೆ. ನಿಮ್ಮಿಬ್ಬರ ಜಗಳವೆಲ್ಲ ಒಂದು ಬೀಗದ ಕೈಯಿಂದ ಶುರುವಾಗಿದ್ದು, ಈಗ ಬೀಗದ ಕೈಯೇ ಇಲ್ಲ, ಇನ್ನು ಜಗಳಕ್ಕೆ ಕಾರಣ ಎಲ್ಲಿದೆ ಎನ್ನುತ್ತಾನೆ. ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದ್ದಾನೆ. ಬೆರಳು ಇಟ್ಟರೆ ತೆರೆದುಕೊಳ್ಳುತ್ತದೆ, ನಂಬರು ಒತ್ತಿದರೂ ತೆರೆದುಕೊಳ್ಳುತ್ತದೆ, ಅವನ ಫೋನಿನಿಂದಲೂ ತೆರೆದುಕೊಳ್ಳುತ್ತದೆ. ಇದನ್ನೆಲ್ಲ ವಿವರವಾಗಿ ಬರಿ, ಅವಳಿಗೆ ಖುಷಿಯಾಗುತ್ತೆ ಎಂದಿದ್ದಾನೆ. ಖುಷಿಯಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೀಗದ ಕೈಯ ವಿಷಯ ನನಗೆ ಮರೆತಿಲ್ಲ. ಮೊದಲು ನಿಮ್ಮಿಬ್ಬರ ಹತ್ತಿರವೂ ಒಂದೊಂದು ಇತ್ತು. ನೀನು ಆಫೀಸಿನ ಗೆಳತಿಯರ ಜೊತೆ ಮರೀನ್ ಡ್ರೈವಿಗೆ ಹೋಗಿ ಕತ್ತಲಾದ ಮೇಲೆ ಬಂದೆಯಲ್ಲ, ಅದರ ಮಾರನೆಯ ದಿನದಿಂದ ನಿನ್ನದು ಕಾಣಲಿಲ್ಲ. ಕಳೆದುಹೋಗಿದೆ ಎಂದ. ಆಮೇಲೆ ಅವನ ಚೀಲದಲ್ಲೇ ಎರಡೂ ಇದ್ದದ್ದನ್ನು ನೀನು ಕಂಡೆ. ಇನ್ನೊಂದು ಮಾಡಿಸಿಕೊಡಿ ಎಂದು ನೀನು ಕೇಳಿದಾಗಲೆಲ್ಲ ಮನೆಯಲ್ಲಿ ಅಮ್ಮ ಇರುತ್ತಾಳಲ್ಲ, ಬೆಲ್ ಮಾಡಿದರೆ ತೆಗೆಯುತ್ತಾಳಲ್ಲ ಎನ್ನುತ್ತಿದ್ದ. ನನಗೂ ಅದು ಸರಿಯಾದ ಮಾತೇ ಅನಿಸುತ್ತಿತ್ತು. ಬಾಗಿಲು ತೆಗೆಯಲು ನಾನಿದ್ದೇನೆ, ನಿನಗೆ ಬಿಸಿ ಕಾಫಿ ಕೊಡಲು ನಾನಿದ್ದೇನೆ, ಕಬ್ಬಿಣದ ಒಂದು ಚೂರಿಗಾಗಿ ಈ ಹುಡುಗಿ ಯಾಕೆ ಕಣ್ಣು ಕೆಂಪು ಮಾಡಿಕೊಳ್ಳುತ್ತಾಳೆ ಎಂದುಕೊಳ್ಳುತ್ತಿದ್ದೆ. ಏಪ್ರಿಲ್‌ನಲ್ಲಿ ತಿರುವನಂತಪುರದಲ್ಲಿ ತರಬೇತಿ ಇದೆ, ಮಹತಿಗೂ ರಜೆ, ಕರೆದುಕೊಂಡು ಹೋಗಿ ಬರುತ್ತೇನೆ ಎಂದು ನೀನು ಹೊರಟಾಗ ಬಸ್ಸಿನಲ್ಲಿ ಹಸಿವಾದೀತೆಂದು ಮೊಸರನ್ನ ಕಟ್ಟಿಕೊಟ್ಟವಳು ನಾನು. ಬರುವಾಗ ಡಬ್ಬಿ ವಾಪಸು ತರುವುದನ್ನು ಮರೆಯಬೇಡ ಎಂದು ಬೇರೆ ಹೇಳಿದೆ. ನೀನು ನನ್ನ ಕಾಲಿಗೆ ಬಿದ್ದು ಹೊರಟೆ. ತರಬೇತಿಗೆ ಹೋಗುವವರು ಕಾಲಿಗೆ ಬೀಳುತ್ತಾರೆಯೇ ಎಂದು ನನಗೆ ಹೊಳೆದದ್ದು ವೈಟ್ಟಿಲದ ಬಸ್ಸು ಎಷ್ಟೋ ದೂರ ಹೋದ ಮೇಲೆ.

ಇರಲಿ. ಬೀಗ ಹಾಕಿದವನ ಕಥೆ ಕೇಳು. ಹೋದ ತಿಂಗಳು ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ಪ್ರಮೋದ ಮನೆಯಲ್ಲೇ ಇದ್ದ. ಬೈಜು ಎಂಬವನ ಹೆಸರನ್ನು ಯಾರೋ ಹೇಳಿದ್ದರು. ಏಲೂರಿನವನು, ಅಲ್ಲಿಯ ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದು ಈಗ ನಲ್ಲಿ, ಫ್ಯಾನು, ಬೀಗ, ಸೊಳ್ಳೆಪರದೆ ಎಲ್ಲವನ್ನೂ ಮಾಡುವವನು. ಒಂಬತ್ತಕ್ಕೆ ಬರುತ್ತೇನೆಂದವನಿಗೆ ಫೋನ್ ಮಾಡಿದಾಗಲೆಲ್ಲ ಇಪ್ಪ ವರಾಂ, ಈಗ ಬಂದೆ ಎನ್ನುತ್ತಿದ್ದ. ಇಷ್ಟು ವರ್ಷ ಕೇರಳದಲ್ಲಿದ್ದರೂ ಆ ‘ಇಪ್ಪ’ ಎಷ್ಟು ಉದ್ದ ಎಂದು ನನಗಿನ್ನೂ ತಿಳಿದಿಲ್ಲ. ಊಟದ ಹೊತ್ತಿಗೆ ಬಂದ. ಬಂದವನು ಬಾಗಿಲನ್ನು ನೋಡುವ ಮೊದಲು ನಮ್ಮ ಅಡುಗೆಯ ವಾಸನೆಯನ್ನು ಹಿಡಿದ. ಬಿಸಿಬೇಳೆ ಭಾತ್ ಹಾಕಿಕೊಟ್ಟೆ, ಸಾಂಬಾರನ್ನೂ ಅನ್ನವನ್ನೂ ಮೊದಲೇ ಕಲಸಿಟ್ಟಿದ್ದೀರಲ್ಲ ಒಳ್ಳೆಯ ಉಪಾಯ ಎಂದು ಎರಡು ಸಲ ಹಾಕಿಸಿಕೊಂಡ. ಅವನ ತಾಯಿಗೆ ಕಣ್ಣಿನ ಪೊರೆ ತೆಗೆಸಿದ್ದು, ಅವನ ಭಾವ ಗಲ್ಫಿನಿಂದ ಬರಿಗೈಯಲ್ಲಿ ಬಂದದ್ದು, ಎಲ್ಲ ನನಗೆ ಬಾಯಿಪಾಠವಾಯಿತು. ಕೆಲಸ ಮಾತ್ರ ದೇವರಿಗೇ ಪ್ರೀತಿ. ಹಳೆಯ ಬೀಗ ಕಿತ್ತ, ಹೊಸದಕ್ಕೆ ತೂತು ಕೊರೆದ, ಕೊರೆದ ಮೇಲೆ ಅಳತೆ ತಪ್ಪಿದೆ ಎಂದ, ಇನ್ನೊಂದು ಕೊರೆದ. ಈ ಮಳೆಗೆ ಬಾಗಿಲು ಉಬ್ಬಿಕೊಂಡು ಬೀಗದ ನಾಲಿಗೆ ಚೌಕಟ್ಟಿನೊಳಗೆ ಹೋಗಲೇ ಇಲ್ಲ. ಅಂಚನ್ನು ಕೆತ್ತಿದ, ಉಜ್ಜಿದ, ಹಜಾರದ ತುಂಬ ಮರದ ಪುಡಿ. ತಪ್ಪಾಗಿ ಕೊರೆದ ತೂತಿಗೆ ಮೇಣದಂಥದ್ದೇನೋ ತುಂಬಿ ಮೇಲೆ ಬೀಗದ ಡಬ್ಬಿಯಲ್ಲಿದ್ದ ಸ್ಟಿಕ್ಕರನ್ನು ಅಂಟಿಸಿದ. ನೀನಿದ್ದಿದ್ದರೆ ನಾವಿಬ್ಬರೂ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಒಬ್ಬಳೇ ನಗಲು ಬರುವುದಿಲ್ಲ, ಕಸ ಗುಡಿಸಿದೆ.

ಆಮೇಲೆ ಬೆರಳು ಕೊಡುವ ಕಾರ್ಯಕ್ರಮ. ಪ್ರಮೋದನ ಬೆರಳನ್ನು ಬೀಗ ಒಂದೇ ಸಲಕ್ಕೆ ಒಪ್ಪಿಕೊಂಡಿತು. ನನ್ನ ಸರದಿ ಬಂದಾಗ ಹೆಬ್ಬೆರಳು ಇಡಿಸಿದ, ತೋರುಬೆರಳು ಇಡಿಸಿದ, ಎಡಗೈ, ಬಲಗೈ, ಒರೆಸಿ ಇಡಿಸಿದ, ಒದ್ದೆ ಮಾಡಿ ಇಡಿಸಿದ. ಪ್ರತಿ ಸಲವೂ ಅದು ಕೆಂಪು ದೀಪ ತೋರಿಸಿ ಕುಯ್ ಎಂದಿತು. ಅಮ್ಮೇ, ವಿರಲೊಕ್ಕೆ ತೇಞ್ಞು ಪೋಯಲ್ಲೋ ಎಂದ ಬೈಜು, ಬೆರಳೆಲ್ಲ ಸವೆದುಹೋಗಿವೆಯಲ್ಲ ಎಂದು. ನನಗೇನು ಹೊಸದಲ್ಲ. ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ನಾನು ಬದುಕಿದ್ದೇನೆ ಎಂದು ತೋರಿಸಲು ಹೋದಾಗಲೂ ಆ ಯಂತ್ರ ನನ್ನನ್ನು ಒಪ್ಪುವುದಿಲ್ಲ. ಪಾತ್ರೆ ಉಜ್ಜಿ, ಹುಣಸೆ ಕಿವುಚಿ, ಒರಳಿನಲ್ಲಿ ತಿರುವಿ ಸವೆದ ಬೆರಳು, ಇನ್ನೆಲ್ಲಿಂದ ಗೆರೆ ತರಲಿ? ಹಾಗಾದರೆ ಅಮ್ಮನಿಗೊಂದು ನಂಬರು ಇಟ್ಟುಬಿಡೋಣ ಎಂದ ಬೈಜು. ಪ್ರಮೋದ ಬೇಡ ಎಂದ. ನಾನು ಮರೆಯುತ್ತೇನಂತೆ. ನಿನ್ನ ಮಾವನವರು ಬಾಹ್ಯಾಕಾಶದ ಆಫೀಸಿನಲ್ಲಿದ್ದಾಗಿನ ಫೋನ್ ನಂಬರು ಇವತ್ತಿಗೂ ನನ್ನ ಬಾಯಲ್ಲಿದೆ, ನಾನು ಮರೆಯುತ್ತೇನಂತೆ. ನೀನು ಹೊರಗೆ ಹೋಗೋದಾದರೂ ಎಲ್ಲಿಗಮ್ಮ, ಬಂದಾಗ ನನಗೊಂದು ಫೋನ್ ಮಾಡು, ಬ್ಯಾಂಕಿನಿಂದಲೇ ತೆಗೀತೀನಿ ಎಂದ. ಮನೆಗೆಲಸದ ಓಮನ ಚೇಚಿಗೆ ಮಾತ್ರ ಒಂದು ನಂಬರು ಇಟ್ಟರು. ಕೆಲಸದವರಿಗೆಂದೇ ಅದರಲ್ಲಿ ಒಂದು ಬೇರೆ ಜಾಗವಿದೆ, ಅವರು ಬರುವ ಹೊತ್ತನ್ನು ಅಲ್ಲಿ ಗುರುತು ಹಾಕಿಬಿಟ್ಟರೆ ಆ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಅವರ ನಂಬರು ನಡೆಯುವುದಿಲ್ಲ ಎಂದು ಬೈಜು ಫೋನಿನಲ್ಲಿ ತೋರಿಸಿಕೊಟ್ಟ. ಬೆಳಿಗ್ಗೆ ಅವಳು ಪಾತ್ರೆ ತೊಳೆದು ಹೋಗುವಷ್ಟು ಹೊತ್ತನ್ನು ಗುರುತು ಹಾಕಿದರು. ಮರುದಿನ ಬಂದು ನಂಬರು ಒತ್ತಿ ಬಾಗಿಲು ತೆಗೆದುಕೊಂಡಾಗ ಓಮನ ಚೇಚಿ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಅವಳಿಗೆ ನಂಬರಿದೆ, ನನಗಿಲ್ಲ.

ಬೀಗ ಬಂದ ಮೇಲೆ ಪ್ರಮೋದ ಬ್ಯಾಂಕಿನಲ್ಲಿದ್ದ ಮೊದಲ ಸಂಜೆ, ಸೋಮವಾರ, ನಾನು ಎಂದಿನಂತೆ ದೀಪ ಹಚ್ಚಿ, ಹೊಸ್ತಿಲಿಗೆ ಹೂವಿಟ್ಟು, ಮುಂಬಾಗಿಲು ತೆರೆದಿಟ್ಟೆ. ಮುಸ್ಸಂಜೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವ ಮನೆಗೆ ಲಕ್ಷ್ಮಿ ಯಾವ ದಾರಿಯಲ್ಲಿ ಬರಬೇಕು? ನಂಜನಗೂಡಿನಲ್ಲಿ ನಮ್ಮಮ್ಮ ತೆರೆದಿಡುತ್ತಿದ್ದಳು, ಉಳ್ಳೂರಿನ ಮನೆಯಲ್ಲಿ ನಾನು ತೆರೆದಿಡುತ್ತಿದ್ದೆ, ಇಲ್ಲಿ ನನ್ನ ಮಂಡಿ ಹಟ ಹಿಡಿದ ದಿನ ನೀನು ತೆರೆದಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೀಗ ಕಿರುಚಲು ಶುರು ಮಾಡಿತು. ಅದಕ್ಕೆ ಬಾಗಿಲು ತೆರೆದಿರುವುದೇ ಆಗುವುದಿಲ್ಲವಂತೆ. ನಾನು ಶ್ಲೋಕ ಬಿಟ್ಟು ಗಾಬರಿಯಾಗಿ ನಿಂತಿದ್ದಾಗಲೇ ಪ್ರಮೋದನ ಫೋನು, ಅಮ್ಮಾ ಬಾಗಿಲು ತೆಗೆದೇ ಇದೆಯಲ್ಲ, ಯಾರು ಬಂದಿದ್ದಾರೆ ಎಂದು. ಮಹಾಲಕ್ಷ್ಮಿ ಬರುತ್ತಿದ್ದಾಳೆ ಕಣೋ ಎಂದೆ. ಅವತ್ತು ನಕ್ಕ. ಮಾರನೆಯ ದಿನವೂ ಫೋನ್ ಬಂತು, ಎರಡು ನಿಮಿಷ ಇಟ್ಟು ಮುಚ್ಚಿಬಿಡು ಎಂದ. ಆಮೇಲೆ ಪ್ರತಿ ಸಂಜೆಯೂ ಬಂತು. ದೀಪ ಹಚ್ಚುವುದು, ಬೀಗ ಕಿರುಚುವುದು, ಮಗನ ಫೋನು, ಇದೇ ನನ್ನ ಸಂಧ್ಯಾಕಾಲದ ಪೂಜೆಯಾಯಿತು. ಒಂದು ದಿನ ನನಗೂ ರೇಗಿ, ಬಾಗಿಲು ತೆರೆದಿಡುವುದು ನಿನಗೆ ಗೊತ್ತಿಲ್ಲದ್ದೇನೋ, ಹುಟ್ಟಿದಾಗಿನಿಂದ ನೋಡಿಲ್ಲವೇ ಎಂದೆ. ಅವನು, “ಪಾವನಾನೂ ಹೀಗೇ ದೀಪದ ನೆಪ ಹೇಳ್ತಿದ್ಲು” ಎಂದ. ಯಾವುದರ ನೆಪ ಎಂದು ಕೇಳಿದೆ. ಮೀಟಿಂಗ್ ಇದೆ ಎಂದು ಫೋನ್ ಇಟ್ಟ. ಈಗ ನಾನು ಬಾಗಿಲು ಮುಚ್ಚಿಕೊಂಡೇ ದೀಪ ಹಚ್ಚುತ್ತೇನೆ.

ಇನ್ನೊಂದು ಸಂಗತಿ. ತರಕಾರಿ ಗಾಡಿ ಕೆಳಗೆ ಬಂದಿತ್ತು, ಎಳೆಯ ಬೆಂಡೆಕಾಯಿ ಕಂಡಿತು ಎಂದು ಚೀಲ ಹಿಡಿದು ಇಳಿದೆ. ಹಿಂದೆ ಬಾಗಿಲು ತಾನಾಗಿ ಹಾಕಿಕೊಂಡಿತು, ಫೋನು ಒಳಗೇ ಉಳಿಯಿತು. ಬೆಂಡೆಕಾಯಿ ಹಿಡಿದು ನಮ್ಮದೇ ಬಾಗಿಲ ಮುಂದೆ ಭಿಕ್ಷೆಯವಳ ಹಾಗೆ ನಿಂತೆ. ಎಲ್ಲ ಬೆರಳನ್ನೂ ಮತ್ತೆ ಇಟ್ಟು ನೋಡಿದೆ, ಮತ್ತೆ ಕುಯ್ ಎಂದಿತು. ಎದುರು ಮನೆಯ ಅನಸೂಯಾ ಆ ಸದ್ದಿಗೇ ಹೊರಗೆ ಬಂದಳು. ಅವಳ ಫೋನಿನಿಂದ ಪ್ರಮೋದನಿಗೆ ಮಾಡಿದರೆ ಎತ್ತಲಿಲ್ಲ, ಬ್ಯಾಂಕಿನಲ್ಲಿ ಯಾವುದೋ ತಪಾಸಣೆಯಂತೆ. ಅವರ ಮನೆಯಲ್ಲೇ ಕೂತೆ. ಧಾರವಾಡದ ಹುಡುಗಿ, ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸೂಸ್ಲಾ ಮಾಡಿ ಕೊಟ್ಟಳು, ಬಾಯಿಗೆ ರುಚಿ ಹತ್ತಲಿಲ್ಲ. ತಟ್ಟೆ ಒಳಗೆ ಒಯ್ಯುವಾಗ ಅವಳು ಮೆಲ್ಲಗೆ ಕೇಳಿದಳು, “ನಿಮ್ಮ ಮನಿಗೆ ನೀವ ಹೋಗ್ಲಿಕ್ಕೆ ಮಗನ್ನ ಕೇಳ್ಬೇಕೇನ್ರೀ ಪ್ರೇಮಕ್ಕ?” ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸಂಜೆಯ ಹತ್ತಿರ ಪ್ರಮೋದ ಮರಳಿ ಫೋನ್ ಮಾಡಿದ, ಮಾತಾಡುತ್ತಿದ್ದ ಹಾಗೇ ಎದುರಿನ ಬಾಗಿಲು ಟಕ್ ಎಂದು ತೆರೆದುಕೊಂಡಿತು. ನನಗೆ ಎಷ್ಟು ತೊಂದರೆಯಾಯಿತು ಎಂದು ಕೇಳುತ್ತಾನೇನೋ ಅಂದುಕೊಂಡೆ. ಅಷ್ಟು ಹೊತ್ತು ಅವರ ಮನೆಯಲ್ಲಿ ಕೂತು ಏನು ಮಾತಾಡಿದಿರಿ ಎಂದು ಕೇಳಿದ. ಹುರುಳಿಕಾಯಿ ಸೋಸುತ್ತಾ ನೀನು ಒಮ್ಮೆ ಹೇಳಿದ್ದೆಯಲ್ಲ, ಅತ್ತೆ, ಇವರು ನಾನು ಯಾರ ಹತ್ತಿರ ಏನು ಮಾತಾಡಿದೆ ಅಂತ ಮಾತು ಮಾತಿಗೂ ಕೇಳ್ತಾರೆ ಎಂದು. ಪ್ರೀತಿ ಇರೋರು ಕೇಳ್ತಾರಮ್ಮ ಎಂದಿದ್ದೆ ನಾನು. ಅವತ್ತು ನಾನು ಕೊಟ್ಟ ಉತ್ತರವನ್ನು ಈ ಸಲ ನನಗೆ ನಾನೇ ಹೇಳಿಕೊಂಡು ನೋಡಿದೆ, ಗಂಟಲಿನಲ್ಲಿ ಇಳಿಯಲಿಲ್ಲ.

ಇಷ್ಟು ಬರೆದ ಮಾತ್ರಕ್ಕೆ ಅವನು ಕೆಟ್ಟವನೆಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಹೇಗೆ ಹೇಳಲಿ? ಹೋದ ವಾರ ನನಗೆ ಜ್ವರ ಬಂದಾಗ ರಾಗಿ ಗಂಜಿ ಮಾಡಿ ಚಮಚದಲ್ಲಿ ಕುಡಿಸಿದವನು ಅವನೇ. ನೀವು ಹೋದ ಮೇಲೆ ಅವನು ಸೊರಗಿದ್ದಾನೆ, ಬೆಲ್ಟಿಗೆ ಹೊಸ ತೂತು ಹಾಕಿಕೊಂಡಿದ್ದಾನೆ. ಮಹತಿಯ ಸಣ್ಣ ಸೈಕಲ್ಲನ್ನು ಭಾನುವಾರ ಭಾನುವಾರ ಒರೆಸಿ ಇಡುತ್ತಾನೆ, ಅವಳು ವಾಪಸು ಬಂದರೂ ಅದರ ಮೇಲೆ ಅವಳಿಗೆ ಇನ್ನು ಕಾಲು ಮಡಿಸಿ ಕೂರಲು ಆಗುವುದಿಲ್ಲ ಎಂದು ಅವನಿಗೆ ಹೊಳೆಯುವುದಿಲ್ಲ. ನೀನು ನಿನ್ನ ಮಾವನವರನ್ನು ನೋಡಿಲ್ಲ. ಅವರು ಉಳ್ಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಪ್ರಮೋದ ಮುಂಬಯಿಯಲ್ಲಿ ಬ್ಯಾಂಕಿನ ತರಬೇತಿಯಲ್ಲಿದ್ದ. ಹುಡುಗನ ಪರೀಕ್ಷೆ ಕೆಡಬಾರದೆಂದು ಅವರೇ ತಡೆದದ್ದರಿಂದ ಕಾಯಿಲೆಯ ಸುದ್ದಿ ಅವನಿಗೆ ಮುಟ್ಟಲಿಲ್ಲ, ಸಾವಿನ ಸುದ್ದಿ ಮುಟ್ಟಿತು. ಬಂದವನು ಅಳಲಿಲ್ಲ, ನನಗೆ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದ. ಆಮೇಲಿನಿಂದ ಅವನಿಗೆ ಮನೆಯವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಆ ಗಳಿಗೆಗೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮೈ ಬೆವರುತ್ತದೆ, ನಾನೇ ನೋಡಿದ್ದೇನೆ. ಮದುವೆಯಾದರೆ ಸರಿಹೋದೀತು ಎಂದುಕೊಂಡೆ, ಮಗುವಾದರೆ ಸರಿಹೋದೀತು ಎಂದುಕೊಂಡೆ. ಹೆತ್ತವರಿಗೆ ಹೀಗೆ ಅಂದುಕೊಳ್ಳುವುದೊಂದೇ ಕೆಲಸ.

ನಿನ್ನ ಮೇಲೂ ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೊಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ಎಷ್ಟೋ ದಿನ ನಿನ್ನ ರೂಮಿನ ಕಡೆ ನೋಡಲಿಲ್ಲ. ಆಮೇಲೆ ಓಮನ ಚೇಚಿ ಬೀರುವಿನ ಕೆಳಗೆ ಗುಡಿಸುವಾಗ ಮಹತಿಯ ಒಂದು ಕ್ಲಿಪ್ಪು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತು ಮನಸ್ಸು ತುಂಬ ಅತ್ತೆ, ಅಳುವಾಗ ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯದು. ಹೆಣ್ಣುಮಕ್ಕಳಿಲ್ಲದ ನನಗೆ ನೀನು ಬಂದ ಮೇಲೆ ಮಾತಿಗೊಂದು ಜೊತೆ ಸಿಕ್ಕಿತ್ತು. ಮೈಸೂರಿನ ಕಡೆಯ ಮಾತು, ಮೈಸೂರಿನ ಕಡೆಯ ಸಾರು, ಇಬ್ಬರೂ ಸೇರಿ ಕೆಳಗಿನ ಮನೆಯವರನ್ನು ಆಡಿಕೊಂಡದ್ದು, ಅದೆಲ್ಲ ಎಲ್ಲಿಗೆ ಹೋಯಿತಮ್ಮಾ? ಈಗ ಮನೆಯಲ್ಲಿ ಮಾತಾಡುವುದು ಆ ಬೀಗ ಒಂದೇ. ಅದೂ ಇಂಗ್ಲಿಷಿನಲ್ಲಿ.

ಹಾಗಾಗಿ ನನ್ನ ಕೆಲಸ ನಾನು ಮಾಡಿದ್ದೇನೆ, ಕರೆದಿದ್ದೇನೆ. ಬಾ ಎಂದು ಬರೆಯುವಾಗ ಮನಸ್ಸು ಎರಡಾಗುತ್ತದೆ, ನಿಜ. ಆದರೆ ನಾನು ಸ್ವಾರ್ಥದ ಮುದುಕಿ. ಶುಕ್ರವಾರ ಕಳಶಕ್ಕೆ ಸೀರೆ ಉಡಿಸಲು ನೀನಿರಬೇಕು, ನನಗೆ ನೆರಿಗೆ ಕೂರಿಸಲು ಬರುವುದಿಲ್ಲ. ಮಹತಿ ಹೋಳಿಗೆಯ ಹೂರಣವನ್ನು ಕದ್ದು ತಿನ್ನಬೇಕು. ಬಂದು ಎರಡು ದಿನ ಇದ್ದು ನೋಡು, ಅವನು ಬದಲಾಗುತ್ತೇನೆ ಎಂದು ದೇವರ ಮುಂದೆ ನಿಂತು ಹೇಳಿದ್ದಾನೆ. ನಿನಗೆ ಅಷ್ಟು ಧೈರ್ಯ ಬಾರದಿದ್ದರೆ ನಿನ್ನ ಮನೆಯ ವಿಳಾಸವನ್ನಾದರೂ ಬರೆದು ಕಳಿಸು. ಉಳ್ಳೂರಿನ ಹತ್ತಿರ ಎಲ್ಲೋ ಇದ್ದೀಯ ಎಂದು ಗೊತ್ತು, ನಮ್ಮ ಹಳೆಯ ಬೀದಿಗೆ ಹತ್ತಿರವೋ ದೂರವೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಬಂದುಬಿಡುತ್ತೇನೆ. ಮಂಡಿಯನ್ನು ಕೇಳುತ್ತಾ ಕೂತರೆ ಆಗುವುದಿಲ್ಲ.

ನೀನೂ ಮಗುವೂ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಮಾಡಿಕೊಂಡು ಚೆನ್ನಾಗಿರಿ. ನಿಮ್ಮಿಬ್ಬರ ತಲೆಯ ಮೇಲೂ ನನ್ನ ಕೈ ಇದೆ ಎಂದು ತಿಳಿದುಕೋ. ಮಹತಿಗೆ ಎರಡೂ ಕೆನ್ನೆಗೆ ಮುತ್ತು ಕೊಡು, ಅಚ್ಛಮ್ಮನದು ಎಂದು ಹೇಳಿ ಕೊಡು.

ನಿನ್ನ ಅತ್ತೆ,
ಪ್ರೇಮ

ಸೋಮವಾರ ಬೆಳಿಗ್ಗೆ ಸೇರಿಸಿದ್ದು: ಪ್ರಮೋದ ಸ್ನಾನಕ್ಕೆ ಹೋಗಿದ್ದಾನೆ, ಬಂದವನೇ ಕವರು ಅಂಟಿಸಿ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ತಾನೇ ಹಾಕುತ್ತಾನಂತೆ. ಅಕ್ಷರ ಸೊಟ್ಟಗಿದ್ದರೆ ಬಿಡಿಸಿಕೊಂಡು ಓದು. ಕಾಫಿ ಕುಡಿಯುವಾಗ ಫೋನ್ ಹಿಡಿದು ನನ್ನ ಪಕ್ಕ ಕೂತ. ಪಾವನಾಗೆ ಒಂದು ನಂಬರು ಇಟ್ಟಿದ್ದೇನೆ, ಕಾಗದದ ಕೊನೆಯಲ್ಲಿ ಬರೆದುಬಿಡು ಎಂದ. ಮಹತಿ ಹುಟ್ಟಿದ ದಿನವನ್ನೇ ನಂಬರಾಗಿ ಇಟ್ಟಿದ್ದಾನೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತು, ನನ್ನ ಮಗ ನಿಜವಾಗಿಯೂ ತಿದ್ದಿಕೊಂಡ ಎಂದುಕೊಂಡೆ. ಬರೆದುಕೊಳ್ಳಲು ಕನ್ನಡಕ ಹಾಕಿಕೊಂಡೆ, ಆಗ ಕಂಡಿತು. ಬೈಜು ತೋರಿಸಿಕೊಟ್ಟಿದ್ದನಲ್ಲ, ಕೆಲಸದವರ ಜಾಗ, ಅಲ್ಲಿ ಓಮನ ಚೇಚಿಯ ಹೆಸರು, ಅದರ ಕೆಳಗೆ ನಿನ್ನ ಹೆಸರು. ಹೆಸರಿನ ಪಕ್ಕ ಹೊತ್ತಿನ ಗುರುತು. ಅವನು ಬ್ಯಾಂಕಿನಿಂದ ಬಂದ ಮೇಲಿನಿಂದ ಬೆಳಿಗ್ಗೆ ಬ್ಯಾಂಕಿಗೆ ಹೊರಡುವವರೆಗೆ ಮಾತ್ರ ನಿನ್ನ ನಂಬರು ನಡೆಯುತ್ತದೆ. ಇದೇನೋ ಇದು, ಕಟ್ಟಿಕೊಂಡ ಹೆಂಡತಿಗೆ ಹೀಗೆ ಯಾಕಿಟ್ಟೆ ಎಂದೆ. “ಆ ಹೊತ್ತಲ್ಲಿ ನಾನು ಮನೇಲಿರ್ತೀನಲ್ಲಮ್ಮ. ನಾನಿಲ್ಲದಾಗ ಅವಳಿಗೆ ಬಾಗಿಲು ಯಾಕೆ ಬೇಕು?” ಎಂದ. ಕೋಪವಿರಲಿಲ್ಲ, ಜಗಳದ ದನಿಯೂ ಅಲ್ಲ. ಸಕ್ಕರೆ ಸಾಕಾ ಎಂದು ಕೇಳಿದ ಹಾಗೆ ಹೇಳಿ ಕಾಫಿ ಮುಗಿಸಿದ.

ನಂಬರನ್ನು ನಾನು ಇಲ್ಲಿ ಬರೆದಿಲ್ಲ. ಬರೆದೆ ಎಂದು ಅವನಿಗೆ ಹೇಳುತ್ತೇನೆ. ನೀನು ಬರಬೇಡ ಪಾವನಾ. ಹಬ್ಬಕ್ಕೂ ಬರಬೇಡ, ಓಣಂ ರಜೆಗೂ ಬರಬೇಡ, ಅವನು ನಿನ್ನ ಆಫೀಸಿನ ಬಾಗಿಲಿಗೆ ಬಂದು ಅತ್ತರೂ ಅವನ ಜೊತೆ ಹೊರಡಬೇಡ. ನನಗೆ ಹುಷಾರಿಲ್ಲ ಎಂದು ಸುದ್ದಿ ಬಂದರೂ ಬರಬೇಡ, ಅದು ನಿಜವೇ ಆಗಿದ್ದರೂ ಬರಬೇಡ. ಮೇಲೆ ಮನೆಯ ವಿಳಾಸ ಕೇಳಿದ್ದೇನೆ, ಹೊಡೆದುಹಾಕಲು ಹೊತ್ತಿಲ್ಲ, ಕಳಿಸಬೇಡ. ಈ ಕಾಗದಕ್ಕೆ ಉತ್ತರವೂ ಬೇಡ. ಮಗುವನ್ನು ನೋಡಬೇಕೆಂದು ನನ್ನ ಪ್ರಾಣ ಹೋಗುತ್ತದೆ, ಆದರೂ ನೀವು ಎಲ್ಲಿದ್ದೀರಿ ಎಂದು ನನಗೂ ತಿಳಿಸಬೇಡ. ಅವನು ನನ್ನ ಮಡಿಲಲ್ಲಿ ತಲೆಯಿಟ್ಟು ಅಳುತ್ತಾ ಕೇಳಿದರೆ ನಾನು ಹೇಳಿಬಿಡುತ್ತೇನೆ. ನಾನು ಅವನ ತಾಯಿ.